ಹದಿನಾಲ್ಕು ಸಲ ‘ಮುಂದಿನ ವಾರ’

ಗುರುವಾರ, ಮಧ್ಯಾಹ್ನ

ಸೊಸೆಗೆ ಅತ್ತೆ ಬರೆಯುವ ಕಾಗದ.

ಆಶೀರ್ವಾದವನ್ನು ಮೊದಲು ಬರೆಯಬೇಕು ಅಂತ ನನಗೂ ಗೊತ್ತು. ಅದನ್ನು ಕೊನೆಗೆ ಇಟ್ಟಿದ್ದೇನೆ. ಓದಿ ಮುಗಿಸಿದ ಮೇಲೂ ಬೇಕು ಅನಿಸಿದರೆ ತಗೋ, ಇಲ್ಲದಿದ್ದರೆ ಹಾಗೇ ಮಡಚಿಡು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗದ ಬರೆದು ಮೂವತ್ತು ವರ್ಷದ ಮೇಲಾಯಿತು. ಈ ಹಾಳೆ ನಿನ್ನ ಮಗಳು ಪೀಪಿಯ ನೋಟ್‌ಬುಕ್ಕಿನದು. ತಿರುಗಿಸಿ ನೋಡು, ಹಿಂದೆ ಅವಳು ಬರೆದ ಕುದುರೆ ಇದೆ. ಐದು ಕಾಲು ಇವೆ, ಒಂದು ಬಾಲ ಇರಬೇಕು. ಇಷ್ಟು ಕಷ್ಟಪಡುವ ಬದಲು ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನು ಕೈಗೆ ಬಂದರೆ ನನ್ನ ಬಾಯಿ ಏನಾಗುತ್ತದೆ ಅಂತ ನಿನಗೆ ಗೊತ್ತು. ಬರೆಯುವಾಗ ಕೈ ನಿಧಾನ, ಅಷ್ಟರಲ್ಲಿ ಬಾಯಿ ತಣ್ಣಗಾಗುತ್ತದೆ.

ಮುಖ್ಯವಾದದ್ದು ಮೊದಲು. ಕಾರು ಬಂದಿದೆ. ಮೊನ್ನೆ ಮಂಗಳವಾರ ಬಂತು. ಬೂದಿ ಬಣ್ಣ, ನಾಲ್ಕು ಬಾಗಿಲು, ಮನೆ ಮುಂದೆ ನಿಂತಿದೆ. ನೀನು ನಂಬುವುದಿಲ್ಲ, ನಾನಾಗಿದ್ದರೂ ನಂಬುತ್ತಿರಲಿಲ್ಲ. ನಿನ್ನೆ ನೀನು ನಿನ್ನ ಗಂಡನಿಗೆ ಕಳಿಸಿದ ಮೆಸೇಜನ್ನು ಅವನೇ ನನಗೆ ಓದಿ ಹೇಳಿದ. ‘ಸೋಮವಾರ ಪೀಪಿಯನ್ನು ಇಲ್ಲಿಯ ಶಾಲೆಗೆ ಸೇರಿಸುತ್ತಿದ್ದೇನೆ. ಇನ್ನು ನೀವು ಬರುವುದು ಬೇಡ.’ ಎರಡೇ ಸಾಲು. ಓದಿ, ಕಾರಿನ ಬೀಗದ ಕೈಯನ್ನು ಶೆಲ್ಫಿನ ಮೇಲಿಟ್ಟು, ಬಸ್ಸು ಹತ್ತಿ ಕೆಲಸಕ್ಕೆ ಹೋದ. ಹೊಸ ಕಾರು ಬಾಗಿಲಲ್ಲಿ, ಯಜಮಾನ ಬಸ್ಸಿನಲ್ಲಿ. ಬೀದಿಯವರು ನಕ್ಕರು. ನಗಲಿ, ಅವರಿಗೂ ಬೇರೆ ಕೆಲಸವಿಲ್ಲ.

ಸೋಮವಾರದೊಳಗೆ ನೀನು ಇದನ್ನು ಓದಬೇಕು. ನಾಳೆ ಬೆಳಿಗ್ಗೆ ಕೊಟ್ಟರೆ ಶನಿವಾರ ಸೇರುತ್ತೆ ಅಂತ ಕೊರಿಯರಿನವನು ಅಂದಿದ್ದಾನೆ. ಸೇರುತ್ತೆ, ಬರುತ್ತೆ ಅನ್ನುವವರ ಮೇಲೆ ನನಗೀಗ ಎಷ್ಟು ನಂಬಿಕೆ ಅಂತ ಬೇರೆ ಹೇಳಬೇಕಾ.

ಹಳೆಯದನ್ನು ಕೆದಕುವುದಿಲ್ಲ ಅಂದುಕೊಂಡಿದ್ದೆ. ಆದರೆ ಅದನ್ನು ಬಿಟ್ಟರೆ ಉಳಿದದ್ದಕ್ಕೆ ತಲೆ ಬುಡ ಇರುವುದಿಲ್ಲ. ಆವತ್ತು ಸ್ಕೂಟರಿನ ಮುಂದೆ ಹಿಟ್ಟಿನ ಡಬ್ಬ ಇಡಿಸಿದ್ದು ನಾನು. ಪೀಪಿ ಯಾವಾಗಲೂ ಅಪ್ಪನ ಮುಂದೆ ನಿಲ್ಲುತ್ತಿದ್ದವಳು, ಡಬ್ಬಕ್ಕೆ ಜಾಗ ಬೇಕು ಅಂತ ನಿನ್ನ ತೊಡೆಯ ಮೇಲೆ ಹಿಂದೆ ಕೂತಳು. ನೀನು ಇನ್ನೊಂದು ಸಲ ಹೋಗಿ ತಂದರಾಯಿತು ಅಂದೆ. ಒಂದು ಡಬ್ಬಕ್ಕೆ ಎರಡು ಸಲ ಮೆರವಣಿಗೆ ಬೇಕಾ ಅಂತ ನಾನು ಅಂದೆ. ಗಿರಣಿಯ ತಿರುವಿನಲ್ಲಿ ಸ್ಕೂಟರು ಜಾರಿತು, ಮಗುವಿನ ಮೊಣಕೈ ಮುರಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲರ ಎದುರು, ಹೆತ್ತವಳಿಗೆ ಮಗು ಹಿಡಿದುಕೊಳ್ಳೋಕೂ ಬರಲ್ವಾ ಅಂತ ನಿನ್ನನ್ನೇ ಕೇಳಿದೆ. ಡಬ್ಬ ಇಡಿಸಿದ್ದು ಯಾರು ಅಂತ ನೀನು ತಿರುಗಿ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಜಗಳವಾಗಿ ಅಲ್ಲಿಗೇ ಮುಗಿಯುತ್ತಿತ್ತು. ನೀನು ಮನೆಗೆ ಬಂದು ಬಟ್ಟೆ ಮಡಚಿದೆ. ಆ ಸ್ಕೂಟರಿನಲ್ಲಿ ನನ್ನ ಮಗಳನ್ನು ಇನ್ನು ಕೂರಿಸುವುದಿಲ್ಲ ಅಂತ ಗಂಡನಿಗೆ ಹೇಳಿ, ತವರಿಗೆ ಹೋದೆ. ನನಗೆ ಅಷ್ಟೂ ಹೇಳಲಿಲ್ಲ.

ಅವನು ಸ್ಕೂಟರು ಮಾರಿದ. ಅದೇ ವಾರ ಕಾರು ಬುಕ್ ಮಾಡಿದ. ಕಾರಿನಲ್ಲೇ ಬಂದು ಕರಕೊಂಡು ಹೋಗ್ತೀನಿ ಅಂತ ನಿನಗೆ ಮಾತು ಕೊಟ್ಟ. ಬಸ್ಸಿನಲ್ಲಿ ಹೋಗಿ ಕರಕೊಂಡು ಬಾರೋ ಅಂದರೆ, ಬರಿಗೈಲಿ ಅವಳ ಬಾಗಿಲಲ್ಲಿ ನಿಲ್ಲಲ್ಲಮ್ಮ ಅಂದ. ಹಟ ಯಾರ ಕಡೆಯಿಂದ ಬಂತು ಅಂತ ನೀನು ಕೇಳುವುದು ಬೇಡ, ನನಗೆ ಗೊತ್ತು.

ಆರು ವಾರ ಅಂದಿದ್ದರು. ಆರು ಆಯಿತು, ಹತ್ತಾಯಿತು. ಪ್ರತಿ ಶನಿವಾರ ವರ್ಕ್‌ಶಾಪಿನಿಂದ ನೇರ ಶೋರೂಮಿಗೆ ಹೋಗುತ್ತಿದ್ದ, ಅಂಗಿಯ ಮೇಲೆ ವೆಲ್ಡಿಂಗಿನ ಕಿಡಿ ಸುಟ್ಟ ತೂತುಗಳ ಸಮೇತ. ಅಲ್ಲಿ ಟೈ ಕಟ್ಟಿದವನೊಬ್ಬ ಕಾಫಿ ಕೊಟ್ಟು, ಮುಂದಿನ ವಾರ ಬರುತ್ತೆ ಸಾರ್ ಅನ್ನುತ್ತಿದ್ದ. ಯಾಕೆ ತಡ ಅಂದರೆ, ಗೊತ್ತಿಲ್ಲ ಸಾರ್, ಮೇಲಿಂದ ಬಂದಿಲ್ಲ. ಭಾನುವಾರ ಇವನು ನಿನಗೆ ಫೋನ್ ಮಾಡಿ ಅದೇ ಮುಂದಿನ ವಾರವನ್ನು ಬಿಸಿ ಮಾಡಿ ಬಡಿಸುತ್ತಿದ್ದ. ಹದಿನಾಲ್ಕು ಸಲ ಅಂದ. ಪಕ್ಕದ ಕೋಣೆಯಲ್ಲಿ ಕೂತು ಎಣಿಸಿದವಳು ನಾನು. ಹದಿನೈದನೇ ಭಾನುವಾರ ನೀನು ಫೋನ್ ಎತ್ತಲಿಲ್ಲ, ಆಮೇಲೆ ಯಾವತ್ತೂ ಎತ್ತಲಿಲ್ಲ. ಪಾಪ, ಅವಳಿಗೂ ಸಾಕಾಯ್ತು ಅಂತ ಅವನು ತಿಳಿದಿದ್ದಾನೆ. ಕಾರು ಬುಕ್ ಮಾಡಿದ್ದೇ ಸುಳ್ಳು, ಎಲ್ಲ ಅತ್ತೆಯ ಆಟ ಅಂತ ನೀನು ತಿಳಿದಿರಬೇಕು.

ಇಪ್ಪತ್ತನೇ ವಾರಕ್ಕೆ ನನಗೆ ತಡೆಯಲಿಲ್ಲ. ನಾನೂ ಬರುತ್ತೇನೆ ಅಂತ ಹೊರಟೆ. ಗಾಜಿನ ಬಾಗಿಲು ತನ್ನಷ್ಟಕ್ಕೆ ತೆರೆಯಿತು. ಒಳಗೆ ಹೆಣ ಇಡುವ ಕೋಣೆಯ ಹಾಗೆ ಚಳಿ. ಕೆಂಪು ಕಾರೊಂದು ಹಲಗೆಯ ಮೇಲೆ ಸುಮ್ಮನೆ ತಿರುಗುತ್ತಿತ್ತು, ಕೆಲಸವಿಲ್ಲದವರ ಹಾಗೆ. ಟೈ ಕಟ್ಟಿದವನು ನಿನ್ನ ಗಂಡನನ್ನು ಕಂಡ ಕೂಡಲೇ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದ.

“ಏನಪ್ಪಾ, ಕಾರು ಮಾಡ್ತಾ ಇದ್ದೀರೋ ಹೆರ್ತಾ ಇದ್ದೀರೋ? ಹೆರೋದಕ್ಕಾದ್ರೂ ಒಂಬತ್ತು ತಿಂಗಳು ಅಂತ ಒಂದು ಮಿತಿ ಇದೆ” ಅಂದೆ.

“ಅಜ್ಜಿ, ಮೇಲಿಂದ ಬರಬೇಕು” ಅಂದ.

“ಮೇಲಿಂದ ಬರೋದಕ್ಕೆ ಅದೇನು ಮಳೆನಾ?” ಅಂದೆ. ಗಟ್ಟಿಯಾಗಿಯೇ ಅಂದೆ. ಸೋಫಾದ ಮೇಲಿದ್ದವರೆಲ್ಲ ತಿರುಗಿದರು.

ಆಗ ಮೆಟ್ಟಿಲಿಳಿದು ಬರುತ್ತಿದ್ದ ಹೆಂಗಸೊಬ್ಬಳು ಅಲ್ಲೇ ನಿಂತಳು. ತಲೆಗೆ ಸಿಕ್ಕಿಸಿಕೊಂಡ ಫೋನು, ಕೈಯಲ್ಲಿ ನೀರಿನ ಬಾಟಲಿ. ನನ್ನನ್ನೇ ನೋಡಿ, “ಅಜ್ಜೀ, ಇನ್ನೊಂದ್ಸಲ ಬೈಯಿರಿ ನೋಡೋಣ” ಅಂದಳು. ಇದೇನು ಹುಚ್ಚು ಅಂತ ನಾನು ಬೈದೆ. ಅವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. “ಅಯ್ಯೋ, ಆರಡಿ ಮೂರಡಿ ಅಜ್ಜಿ ನೀವೇನಾ?”

ವಿಷಯ ಏನೆಂದರೆ, ಕಾರು ಬುಕ್ ಮಾಡುವಾಗ ನಿನ್ನ ಗಂಡ ಮನೆಯ ಫೋನ್ ನಂಬರ್ ಬರೆಸಿದ್ದ. ವರ್ಕ್‌ಶಾಪಿನಲ್ಲಿ ಕೈಗೆ ಗ್ಲೌಸು, ಕಿವಿಗೆ ಗ್ರೈಂಡರಿನ ಸದ್ದು, ತನ್ನ ಫೋನ್ ಎತ್ತಲಾಗುವುದಿಲ್ಲ, ಮನೆಯಲ್ಲಾದರೆ ಅಮ್ಮ ಇರುತ್ತಾಳೆ ಅಂತ. ಬರೆಸಿದ್ದನ್ನು ನನಗೆ ಹೇಳಲು ಮರೆತ. ಅದಕ್ಕಿಂತ ಮೊದಲು, ನಾನು ಯಾರಿಗೋ ಬ್ಯಾಂಕಿನ ನಂಬರ್ ಹೇಳಲು ಹೊರಟಿದ್ದಾಗ ಅವನೇ ಕಲಿಸಿದ್ದ: “ಗೊತ್ತಿಲ್ಲದ ದನಿ ಆದ್ರೆ, ಬೇಡ ಅನ್ನು, ಇಡು. ಅವರ ಮಾತು ಮುಗಿಯೋಕೆ ಬಿಡಬೇಡ.” ನಾಲ್ಕನೇ ಕ್ಲಾಸಿನಲ್ಲಿ ಕಲಿತದ್ದನ್ನು ಮರೆತಿದ್ದೇನೆ, ಇದನ್ನು ಮರೆಯಲಿಲ್ಲ. ದಿನಕ್ಕೆ ನಾಲ್ಕು ಜನ ಮಾಡುತ್ತಾರೆ. ಸಾಲ ಬೇಕಾ, ಸೈಟ್ ಬೇಕಾ. ನನಗಿನ್ನು ಬೇಕಾಗಿರೋದು ಆರಡಿ ಮೂರಡಿ, ಇದ್ದರೆ ಅದನ್ನ ಕೊಡಿ ಅಂತ ಹೇಳಿ ಇಡುತ್ತಿದ್ದೆ. ಒಂಟಿ ಮಧ್ಯಾಹ್ನಗಳಲ್ಲಿ ನನಗಿದ್ದ ಸುಖ ಅದೊಂದೇ, ನಿಜ ಹೇಳುತ್ತೇನೆ.

ಅವರಲ್ಲಿ ಒಂದು ಪದ್ಧತಿಯಂತೆ. ಕಾರು ಬಂದ ಮೇಲೆ ಮಹಡಿಯ ಮೇಲೆ ಕೂರುವ ಈ ಹೆಂಗಸು ಫೋನ್ ಮಾಡುತ್ತಾಳೆ. ಬೇಕು, ಬರುತ್ತೇವೆ ಅಂತ ಮನೆಯವರು ಬಾಯಿಬಿಟ್ಟು ಹೇಳದಿದ್ದರೆ ಆ ಕಾರು ಮುಂದಿನವರಿಗೆ, ನಮ್ಮ ಹೆಸರು ಸಾಲಿನ ಬಾಲಕ್ಕೆ. ಮೂರು ಸಲ ಕಾರು ಬಂದಿತ್ತು. ಮೂರು ಸಲವೂ ನಾನು ಬೇಡ ಅಂದಿದ್ದೆ. ಅವಳು ಬಾಯಿ ತೆರೆಯುವುದರೊಳಗೆ ಇಟ್ಟಿದ್ದೆ. ಕಂಪ್ಯೂಟರಿನಲ್ಲಿ ತಾರೀಖಿನ ಸಮೇತ ಬರೆದಿದ್ದಳು, ‘ಮನೆಯವರಿಗೆ ಬೇಡವಂತೆ.’ ಅದನ್ನು ಕೆಳಗೆ ಕೂರುವ ಟೈಯವನಿಗೆ ಹೇಳುವುದು ಅವಳ ಕೆಲಸವಲ್ಲ, ಮೇಲೆ ಹತ್ತಿ ಕೇಳುವುದು ಅವನ ಕೆಲಸವಲ್ಲ. ಇಪ್ಪತ್ತು ಮೆಟ್ಟಿಲು. ನಾನೇ ಎಣಿಸಿದೆ, ಈ ಮಂಡಿ ಇಟ್ಟುಕೊಂಡು.

ಬಸ್ಸಿನಲ್ಲಿ ವಾಪಸು ಬರುವಾಗ ನಿನ್ನ ಗಂಡ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಳಿಯುವಾಗ, ನಾನೇ ಹೇಳಿಕೊಟ್ಟಿದ್ದು ಬಿಡಮ್ಮ ಅಂದ. ನಿನಗೆ ತಿಳಿಸು ಅಂದದ್ದಕ್ಕೆ, ಈಗ ಹೇಳಿದರೆ ಅದೂ ಒಂದು ನೆಪ ಅಂತಾಳೆ, ಕಾರೇ ಹೋಗಿ ಹೇಳಲಿ ಅಂದ. ಸಾಲಿನಲ್ಲಿ ನಮ್ಮನ್ನು ಮುಂದೆ ಹಾಕಿದರು, ಕಾರು ಬಂತು. ಬಂದ ಮಾರನೆಯ ದಿನ ನಿನ್ನ ಮೆಸೇಜು.

ನಿನ್ನೆ ಸಂಜೆ ಅವನು ಬಂದು ಕಾರಿನೊಳಗೆ ಕೂತ, ಬಾಗಿಲು ಹಾಕಿಕೊಂಡು. ಎಲ್ಲಿಗೂ ಹೋಗಲಿಲ್ಲ. ಸೀಟಿನ ಪ್ಲಾಸ್ಟಿಕ್ ತೆಗೆಯೋ, ಬೆವರುತ್ತೀ ಅಂದೆ. ಮುಂದಿನದು ತೆಗೆದ. ಹಿಂದಿನದು ಪೀಪಿ ಕೀಳಲಿ, ಅವಳಿಗೆ ಆ ಚರಚರ ಸದ್ದು ಇಷ್ಟ ಅಂದ. ಹಾಗಾದರೆ ಹೋಗೋ ಅಂದೆ. “ಬೇಡ ಅಂತ ಬರೆದ ಮೇಲೆ ಹೋಗಿ ನಿಲ್ಲೋದು ಹೇಗಮ್ಮ?” ಅಂದ. ಬೇಡ ಅನ್ನುವ ಮಾತಿಗೆ ಈ ಮನೆಯಲ್ಲಿ ಅಷ್ಟು ಬೆಲೆ ಇದೆ ಅಂತ ನನಗೆ ಮೊದಲೇ ತಿಳಿದಿದ್ದರೆ.

ಆ ಬೈಗುಳಗಳಲ್ಲಿ ನಿನ್ನದೂ ಒಂದು ಫೋನ್ ಸೇರಿತ್ತೋ ಏನೋ, ನನಗೆ ಗೊತ್ತಿಲ್ಲ. ಬೈಯುವವಳಿಗೆ ಎದುರಿನವರ ದನಿ ಎಲ್ಲಿ ಕೇಳಿಸುತ್ತದೆ. ಸೇರಿದ್ದರೆ ಅದೂ ಅದೇ ಲೆಕ್ಕ, ತಿಳಿಯದೆ ಆದದ್ದು.

ನಿನ್ನ ಹೊಲಿಗೆ ಮೆಷಿನ್ ಮೂಲೆಯಲ್ಲೇ ಇದೆ. ಎಣ್ಣೆ ಹಾಕಿಲ್ಲ, ನಾನು ಮುಟ್ಟಿದರೆ ಕೆಡುತ್ತದೆ ಅಂತ ನೀನೇ ಅಂದಿದ್ದೆ. ಧೂಳು ಮಾತ್ರ ಒರೆಸಿದ್ದೇನೆ. ಅಷ್ಟಕ್ಕೇ ಕೆಟ್ಟಿದ್ದರೆ ನನ್ನ ಹೆಸರಿಗೆ ಇನ್ನೊಂದು ಸೇರಿಸಿಕೋ.

ವಾಪಸು ಬಾ ಅಂತ ನಾನು ಕರೆಯುವುದಿಲ್ಲ. ಕರೆಯುವ ಯೋಗ್ಯತೆ ಹಿಟ್ಟಿನ ಡಬ್ಬದ ಜೊತೆ ರಸ್ತೆಗೆ ಬಿತ್ತು. ನಿನ್ನ ಗಂಡ ಸುಳ್ಳು ಹೇಳಲಿಲ್ಲ ಅನ್ನುವುದಷ್ಟೇ ನಿನಗೆ ತಿಳಿದಿರಲಿ. ಆಮೇಲೆ ಪೀಪಿಯನ್ನು ಯಾವ ಶಾಲೆಗಾದರೂ ಸೇರಿಸು.

ಕೊನೆಗಿಟ್ಟಿದ್ದ ಆಶೀರ್ವಾದ ಇಲ್ಲಿದೆ. ನೀನೂ ಅವಳೂ ಚೆನ್ನಾಗಿರಿ. ಎಲ್ಲಿದ್ದರೂ ಸರಿ.

ನಿನ್ನ ಅತ್ತೆ,
ಪೀಪಿಯ ಅಜ್ಜಿ

ಮರೆತದ್ದು: ಮರೆತದ್ದಲ್ಲ. ಕಾಗದ ಮಡಚಿ, ಕವರಿಗೆ ಹಾಕಿ, ಮತ್ತೆ ತೆಗೆದಿದ್ದೇನೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಹದಿನಾಲ್ಕನೇ ಭಾನುವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಹೊಸ ನಂಬರಿನಿಂದ ನೀನು ಮಾಡಿದ್ದೆ. ಅವನ ಫೋನಿಗಲ್ಲ, ಮನೆಯದಕ್ಕೆ, ಅಂದರೆ ನನಗೇ ಮಾಡಿದ್ದೆ. “ಅತ್ತೆ, ನಾನು” ಅಂದೆ. ನಿನ್ನ ಹಿಂದೆ ಪೀಪಿ, ಅಜ್ಜಿಗೆ ನಾನೂ ಮಾತಾಡ್ತೀನಿ ಅಂತ ಕೂಗುತ್ತಿದ್ದಳು. ಆ ಗಂಟಲನ್ನು ನಾನು ಗುರುತು ಹಿಡಿಯದೆ ಇರುತ್ತೇನಾ, ಪೀಪಿ ಅಂತ ಹೆಸರಿಟ್ಟವಳೇ ನಾನು. ಈಗ ನೀನು ಡಬ್ಬದ ಮಾತು ಎತ್ತುತ್ತೀ ಅಂತ ಹೆದರಿದೆ. “ಬೇಡ, ನಮಗೇನೂ ಬೇಡ, ಇನ್ನು ಈ ನಂಬರಿಗೆ ಮಾಡಬೇಡಿ” ಅಂದು ಇಟ್ಟೆ. ಯಾರೋ ಗೊತ್ತಿಲ್ಲದವರಿಗೆ ಹೇಳುವ ಹಾಗೆ. ಅದರ ಮುಂದಿನ ಭಾನುವಾರದಿಂದಲೇ ನೀನು ಅವನ ಫೋನ್ ಎತ್ತುವುದನ್ನು ಬಿಟ್ಟೆ. ಯಾಕೆ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೇಳಲು ಎರಡು ಸಲ ಕಾರಿನ ತನಕ ಹೋದೆ, ಗಾಜು ಇಳಿಸಿದ, ಊಟಕ್ಕೆ ಬಾ ಅಂತ ಹೇಳಿ ಬಂದೆ. ನನ್ನ ಕೈಲಿ ಆಗುವುದಿಲ್ಲ. ಈ ಕಾಗದವನ್ನು ನೀನೇ ಅವನಿಗೆ ಓದಿ ಹೇಳು. ಭಾನುವಾರ ಅವನು ಮನೆಯಲ್ಲಿರುತ್ತಾನೆ. ಮನೆಯ ನಂಬರಿಗೇ ಮಾಡು. ಫೋನನ್ನು ಅವನ ಕೈಗೆ ಕೊಟ್ಟಿರುತ್ತೇನೆ, ನಾನು ಎತ್ತುವುದಿಲ್ಲ.