ಕೋರಂಗೆ ಒಬ್ಬರು ಕಡಿಮೆ

ಪಾಮೆಟೊ ಕ್ರೀಕ್, ಫ್ಲೋರಿಡಾ
ಮಾರ್ಚ್ ೯, ಭಾನುವಾರ

ಓಪಲ್,

ಹೇಗಿದ್ದೀಯೆ? ಅಲಬಾಮಾದಲ್ಲಿ ತಂಗಿಯ ಮನೆ ಒಗ್ಗಿತೇ? ನೀನು ಊರು ಬಿಟ್ಟು ಎರಡು ವರ್ಷವಾಗುತ್ತಾ ಬಂತು. ನಡುವೆ ಯಾರೋ ಫೋನ್ ಮಾಡಿ, ನೀನು ಎತ್ತಿದೊಡನೆ ಇಟ್ಟುಬಿಡುತ್ತಿದ್ದರಲ್ಲ, ಅದು ನಾನೇ ಕಣೇ. ಬೈಯುವುದಿದ್ದರೆ ಈಗಲೇ ಬೈದುಬಿಡಬೇಡ, ಇದಕ್ಕಿಂತ ದೊಡ್ಡದು ಮುಂದಿದೆ.

ಮೂವತ್ತು ವರ್ಷ ನಾನು ಶಾಲೆಯ ಬಸ್ಸು ಓಡಿಸಿದೆ, ನೀನು ಅದೇ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿದೆ. ನಮ್ಮಿಬ್ಬರ ನಡುವೆ ಆಡದ ಮಾತೇ ಇರಲಿಲ್ಲ. ಕೌಂಟಿ ಸರ್ಕಾರದ ವಸತಿ ಸಲಹಾ ಸಮಿತಿಗೆ ಇಬ್ಬರನ್ನೂ ಸೇರಿಸಿದ ಮೇಲೆ ಬಾಯಿಗೆ ಬೀಗ ಬಿತ್ತು. ಸದಸ್ಯರು ಸಭೆಯ ಹೊರಗೆ ಸಮಿತಿಯ ವಿಷಯ ಆಡುವಂತಿಲ್ಲ, ಅದು ಕಾನೂನು. ಮೊದಲ ದಿನವೇ ನಮ್ಮ ಅಧ್ಯಕ್ಷ, ಆ ಕ್ಷೌರದಂಗಡಿ ಥರ್ಮನ್, "ನೀವಿಬ್ರೂ ಅಡುಗೆಮನೇಲಿ ಕೂತು ಈ ವಿಷ್ಯ ಎತ್ತಂಗಿಲ್ಲ ಕಣ್ರಮ್ಮಾ, ಎತ್ತಿದ್ರೆ ಪೇಪರಲ್ಲಿ ಫೋಟೋ ಬರುತ್ತೆ" ಎಂದ. ನೀನು, "ಬರ್ಲಿ ಬಿಡು, ತಲೆ ಬಾಚ್ಕೊಂಡು ಬರ್ತೀನಿ" ಅಂದೆ. ಎಲ್ಲರೂ ನಕ್ಕೆವು.

ಆಮೇಲೆ, ನೀವೆಲ್ಲ ಚಕ್ರದ ಮನೆ ನಿಲ್ಲಿಸಿಕೊಂಡು ನೆಲಬಾಡಿಗೆ ಕಟ್ಟುತ್ತಿದ್ದ ಟ್ರೇಲರ್ ಪಾರ್ಕಿನ ಮಾಲೀಕ ಜಾಗ ಮಾರುತ್ತೇನೆಂದ. ಮೂವತ್ತೆಂಟು ಮನೆಯವರು ಸೇರಿ ನಾವೇ ಕೊಳ್ಳುತ್ತೇವೆ ಎಂದಿರಿ. ಅವನು ಅಕ್ಟೋಬರ್ ಕೊನೆಯವರೆಗೆ ಗಡುವು ಕೊಟ್ಟ. ಆ ವರ್ಷದ ವಸತಿ ನಿಧಿ ನಿಮಗೆ ಸಿಗಲಿ ಎಂದು ನಮ್ಮ ಸಮಿತಿ ಶಿಫಾರಸು ಮಾಡಿದ್ದರೆ ಸಾಕಿತ್ತು. ನೀನು ಎದ್ದು ನಿಂತು, "ನಾನು ಅಲ್ಲೇ ಇರೋಳು, ವೋಟು ಹಾಕಲ್ಲ. ಆದ್ರೆ ಕೋರಂಗೆ ಲೆಕ್ಕ ಆಗ್ತೀನಲ್ಲ, ಕುರ್ಚಿ ಮಾತ್ರ ಬಿಡಲ್ಲ" ಎಂದೆ, ಅದನ್ನೇ ಬರೆದೂ ಕೊಟ್ಟೆ. ಅಂದಿನಿಂದ ಹನ್ನೊಂದು ವಾರ ನನ್ನ ಮನೆಯಲ್ಲಿ ಕಾಫಿ ಕುಡಿಯುತ್ತಾ ಟೊಮೆಟೊ ಗಿಡದ ಹುಳದ ವಿಷಯ ಮಾತಾಡಿದೆವು. ನಿನ್ನ ಕಣ್ಣು ಮಾತ್ರ ನನ್ನನ್ನು ಕೇಳುತ್ತಲೇ ಇತ್ತು. ನಾನು ಕಾನೂನಿನ ನೆಪದಲ್ಲಿ ಕಪ್ಪು ತೊಳೆಯಲು ಎದ್ದುಬಿಡುತ್ತಿದ್ದೆ.

ಕೊನೆಯ ಸಭೆಗೆ ನಾನು ಬರಲಿಲ್ಲ. ತಲೆಸುತ್ತು ಬಂದಿತ್ತು ಎಂದು ನಿನಗೆ ಹೇಳಿದ್ದೆ. ನೀನು ಮಾರನೆಯ ದಿನ ಕೋಳಿ ಸೂಪು ಮಾಡಿಕೊಂಡು ಬಂದೆಯಲ್ಲ, ಅದನ್ನು ಹೇಗೆ ನುಂಗಿದೆನೋ ನನಗೇ ಗೊತ್ತು. ನನಗೆ ಯಾವ ತಲೆಸುತ್ತೂ ಇರಲಿಲ್ಲ ಓಪಲ್. ನಾನು ಕೌಂಟಿ ಕಚೇರಿಯ ಪಕ್ಕದಲ್ಲಿ, ಬಾಗಿಲು ಕಾಣುವಂತೆ ಕಸದ ಡಬ್ಬಿಗಳ ಮರೆಯಲ್ಲಿ ಕಾರಿನಲ್ಲಿ ಕೂತಿದ್ದೆ. ಕೋರಂಗೆ ಏಳು ಸದಸ್ಯರಲ್ಲಿ ನಾಲ್ವರಾದರೂ ಇರಬೇಕಿತ್ತು, ಮೂವರು ಬರುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ನೀನು, ಥರ್ಮನ್, ಇನ್ನೊಬ್ಬ ಸದಸ್ಯೆ ಲುಯೆಲ್ಲಾ ಒಳಗೆ ಹೋಗಿದ್ದನ್ನು ಕಂಡೆ. ಕಾಯುತ್ತಾ ನೀನು ಎರಡು ಸಲ ಬಾಗಿಲಿಗೆ ಬಂದು ರಸ್ತೆ ನೋಡಿದೆ. ನಾನು ಸೀಟಿನಲ್ಲಿ ಇನ್ನೂ ಕೆಳಕ್ಕೆ ಜಾರಿದೆ. ಅರ್ಧ ಗಂಟೆಯ ನಂತರ ಥರ್ಮನ್ ಹೊರಗೆ ಬಂದು ಟೋಪಿ ಹಾಕಿಕೊಂಡ. ಕೋರಂ ಇಲ್ಲ, ಸಭೆ ಇಲ್ಲ, ಶಿಫಾರಸೂ ಇಲ್ಲ. ಗಡುವು ಮುಗಿಯಿತು, ಹಣ ಪಟ್ಟಿಯಲ್ಲಿ ಎರಡನೆಯದಾಗಿದ್ದ, ಮಿಲ್ ರಸ್ತೆಯಲ್ಲಿ ಕಟ್ಟಲಿದ್ದ ಅಪಾರ್ಟ್‌ಮೆಂಟಿಗೆ ಹೋಯಿತು.

ನಿಮ್ಮ ಟ್ರೇಲರುಗಳಿಗೆ ಚಕ್ರ ಇದ್ದದ್ದು ಹೆಸರಿಗೆ ಮಾತ್ರ. ನಿನ್ನದನ್ನು ಎಳೆಯಲು ಹೋದಾಗ ನೆಲವೇ ಕಿತ್ತು ಬಂತಂತೆ, ಅಲ್ಲೇ ಒಡೆದುಹಾಕಿದರು. ನಾನು ಆ ದಿನವೂ ಆ ಕಡೆ ಬರಲಿಲ್ಲ. ಈಗ ಅಲ್ಲಿ ಬೇಲಿ ಹಾಕಿ ದೋಣಿಗಳನ್ನು ನಿಲ್ಲಿಸಿದ್ದಾರೆ.

ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀಯ. ಹೆದರಿಕೆ ಅಂತಿಟ್ಟುಕೋ. ಗೆಳತಿ ಅಂತ ಪಕ್ಷಪಾತ ಮಾಡಿದಳು ಎಂದು ಊರು ಆಡಿಕೊಂಡೀತು ಎಂಬ ಹೆದರಿಕೆ. ಎರಡು ವರ್ಷದಿಂದ ಮನಸ್ಸು ಕೊರೆಯುತ್ತಿದೆ, ಅದಕ್ಕೇ ಬರೆದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ ಗೆಳತಿಯಾಗಿದ್ದ,
ವೆರ್ನೆಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೆದರಿಕೆ ಅಂದದ್ದು ಸುಳ್ಳು. ಮಿಲ್ ರಸ್ತೆಯ ಅಪಾರ್ಟ್‌ಮೆಂಟಿಗೆ ನನ್ನ ಮಗಳು ಕಾರ್ಲೀನ್ ಆಗಲೇ ಹೆಸರು ಬರೆಸಿದ್ದಳು. ಎರಡು ಮಕ್ಕಳನ್ನು ಕಟ್ಟಿಕೊಂಡು ನನ್ನ ನಡುಮನೆಯಲ್ಲಿ ಮಲಗುತ್ತಿದ್ದಳು. ನಾನು ಒಳಗೆ ಬಂದು, ಇದರಲ್ಲಿ ನನ್ನ ಸ್ವಾರ್ಥ ಇದೆ ಎಂದು ಒಂದು ಮಾತು ಹೇಳಿ ಸುಮ್ಮನೆ ಕೂತಿದ್ದರೂ ಕೋರಂ ಆಗುತ್ತಿತ್ತು, ಮಿಕ್ಕ ಇಬ್ಬರೇ ನಿಮ್ಮ ಪಾರ್ಕನ್ನು ಉಳಿಸುತ್ತಿದ್ದರು. ಅದು ಗೊತ್ತಿದ್ದೇ ಕಾರಿನಲ್ಲಿ ಕೂತಿದ್ದೆ. ಕಾರ್ಲೀನ್‌ಗೆ ಇದೇನೂ ತಿಳಿಯದು. ಅವಳಿಗೆ ಮನೆ ಸಿಕ್ಕಿದೆ, ಎರಡನೇ ಮಹಡಿ. ಮುಂದಿನ ಶನಿವಾರ ಹೊಸ ಮನೆಯ ಊಟಕ್ಕೆ "ಓಪಲ್ ಆಂಟಿ ಬರ್ಲೇಬೇಕು" ಎಂದು ನಿನಗೆ ನಿನ್ನೆ ಕಾರ್ಡು ಹಾಕಿದ್ದಾಳೆ. ಆ ಕಾರ್ಡು ಓದಿ ನೀನು ಹೊರಡುವ ಮೊದಲು ಇದು ನಿನ್ನ ಕೈಸೇರಲಿ ಎಂದು ಇವತ್ತು ಬರೆದೆ.