ಜಗನ್ ಇಲ್ಲದ ಪದಕ

೧೨ ಜನವರಿ ೨೦೦೪, ನಂಜನಗೂಡು

ಹಾಲು ಒಡೆದಿತ್ತು. ಕಾಫಿ ಇಲ್ಲದೆ ಕಾಲೇಜಿಗೆ ಓಡಿದೆ. ಬಿ.ಎಸ್ಸಿ. ಫೈನಲ್‌ನವರಿಗೆ ಫೂರಿಯೆ ಸರಣಿ ಇನ್ನೂ ತಲೆಗೆ ಹತ್ತಿಲ್ಲ.

ಮಧ್ಯಾಹ್ನ ಸೈಬರ್ ಸೆಂಟರ್‌ನಲ್ಲಿ ಮೇಲ್ ನೋಡಿದೆ. ವಿಯೆನ್ನಾದಿಂದ. ನಮ್ಮ ಸುಳಿಗಳ ಪ್ರಮೇಯಕ್ಕೆ ಈ ವರ್ಷದ ಪದಕ. ಮತ್ತೆ ಮತ್ತೆ ಓದಿದೆ. ಮದುವೆಯಾದ ವರ್ಷ ನಾನೂ ಜಗನ್ನೂ ಕೂತು ಶುರುಮಾಡಿದ್ದು — ಹರಿಯೋ ನೀರಲ್ಲಿ ಸುಳಿ ಯಾವಾಗ ಒಡೆಯುತ್ತೆ, ಯಾವಾಗ ಉಳಿಯುತ್ತೆ. ಪೇಪರ್ ಮೇಲೆ ಇಬ್ಬರ ಹೆಸರೂ ಇದೆ. ಪದಕದ ಮೇಲೆ ನನ್ನದೊಂದೇ. ತೀರಿಕೊಂಡವರಿಗೆ ಕೊಡೋದಿಲ್ಲವಂತೆ. ನಿಯಮ.

ಹಾರ್ಟ್ ಅಟ್ಯಾಕ್ ಆಗಿ ಹೋದಾಗ ಅವನಿಗೆ ನಲವತ್ತೊಂದು. ಹೋಗಿ ಒಂದೂವರೆ ವರ್ಷ. ಆದರೂ ‘ನೋಡೋ’ ಅಂತ ಪಕ್ಕಕ್ಕೆ ತಿರುಗಿಬಿಟ್ಟೆ. ಯಾರೋ ಕ್ರಿಕೆಟ್ ಸ್ಕೋರ್ ನೋಡ್ತಾ ಕೂತಿದ್ದರು.

೧೯ ಜನವರಿ

ಇಬ್ಬರ ಹೆಸರೂ ಹಾಕಿ ಅಂತ ಬರೆದಿದ್ದೆ. ಉತ್ತರ ಬಂತು. ಬಹಳ ಸೌಜನ್ಯ, ಬಹಳ ವಿಷಾದ. ಆಗೋದಿಲ್ಲ. ಬೇಡ ಅಂದುಬಿಡಲಾ? ನಮ್ಮ ಎಚ್‌ಓಡಿ ಬೆಟ್ಟಸ್ವಾಮಿ ಸರ್ ಬೈದರು — ‘ನೀವು ಬಿಟ್ರೆ ಬೇರೆ ಯಾರಿಗೋ ಕೊಡ್ತಾರೆ ಮೇಡಂ. ಆಗ ಇಬ್ರ ಹೆಸ್ರೂ ಹೋಯ್ತು.’

೧ ಫೆಬ್ರವರಿ

ಪೇಪರಲ್ಲಿ ಬಂದಿದೆ, ಫೋಟೋ ಸಮೇತ. ನರಸೀಪುರಕ್ಕೆ ಹೋದೆ. ಅತ್ತೆಗೆ ಓದೋಕೆ ಬರಲ್ಲ. ಮೈದುನ ಪ್ರೇಮ್‌ಕುಮಾರ್ ಗಟ್ಟಿಯಾಗಿ ಓದಿದ. ಅತ್ತೆ ಕೊನೆವರೆಗೂ ಕಾದರು.

‘ಇನ್ನೊಂದ್ ಕಿತ ಓದ್ಲಾ. ಜಗನ್ ಎಸ್ರು ಬಿಟ್ಬುಟ್ಟೆ.’

‘ಇಲ್ಲ ಕಣವ್ವ. ಬರ್ದಿಲ್ಲ.’

ವರದಿಗಾರರಿಗೆ ಹೇಳಿದ್ದೆ. ಗುರುತು ಹಾಕ್ಕೊಂಡಿದ್ದರು ಕೂಡ. ಅಚ್ಚಾಗಿಲ್ಲ. ಅತ್ತೆಗೆ ಅದನ್ನೇ ಹೇಳಿದೆ. ಕೇಳಿಸಿತೋ ಇಲ್ಲವೋ...

‘ಇದೇ ಜಗ್ಲಿ ಮ್ಯಾಲೆ ಕುಂತು ಬರೀತಿದ್ದೋನು ನನ್ ಮಗ. ನಾನೇ ಕಂಡಿವ್ನಿ.’

‘ಇಬ್ರೂ ಸೇರಿ ಮಾಡಿದ್ದು ಅತ್ತೆ.’

‘ನೀನ್ ಬದ್ಕಿದ್ದೀಯ ಕಣವ್ವ. ಅದ್ಕೇ ನಿಂದಾಯ್ತು.’

ಆಮೇಲೆ ಊಟ ಬಡಿಸಿದರು. ಮುದ್ದೆ, ಹುರುಳಿಕಾಳು ಸಾರು. ಯಾವಾಗಲೂ ಎದುರಿಗೇ ಕೂರೋರು, ಇವತ್ತು ಹಿತ್ತಲಿಗೆ ಹೋದರು.

೨೨ ಫೆಬ್ರವರಿ

ನರಸೀಪುರದಲ್ಲಿ ಸನ್ಮಾನ. ಪೇಟ, ಶಾಲು, ಹಣ್ಣಿನ ಬುಟ್ಟಿ. ಮೈಕ್ ಸಿಕ್ಕಿದ್ದೇ ಜಗನ್ ಬಗ್ಗೆಯೇ ಮಾತಾಡಿದೆ. ಅವನ ಊರು, ಅವನ ಜನ. ಯಾರೂ ಮರೀಬಾರದು ಅನ್ನೋ ಹಟ.

ಆಮೇಲೆ ಎದ್ದ ಅಧ್ಯಕ್ಷರು — ‘ಪತಿಯ ಸಂಶೋಧನೆಯನ್ನು ಲೋಕಕ್ಕೆ ಮುಟ್ಟಿಸಿದ ಮಹಾಸಾಧ್ವಿ!’ ಚಪ್ಪಾಳೆ. ನಾನು ಮುಟ್ಟಿಸಿದ್ದಂತೆ. ಪೋಸ್ಟ್‌ಮನ್ ಥರ. ಶಾಲು ಹೊದ್ದು ನಗ್ತಾ ಕೂತಿದ್ದೆ.

ಅತ್ತೆ ಬರಲಿಲ್ಲ.

೩ ಜೂನ್, ವಿಯೆನ್ನಾ

ಪದಕ, ಭಾಷಣ ಎರಡೂ ಮುಗೀತು. ಮೊದಲ ಸ್ಲೈಡಿನಲ್ಲಿ ಇಬ್ಬರ ಹೆಸರು, ಅವನದು ಮೊದಲು. ಇಡೀ ಹಾಲ್ ಎದ್ದು ನಿಂತಿತು.

ಊಟದ ಹೊತ್ತಿಗೆ ಒಬ್ಬರು ವಯಸ್ಸಾದ ಪ್ರೊಫೆಸರ್ ಪಕ್ಕ ಬಂದು ಕೂತರು. ಒಂದು ಸುಳೀನ ಎರಡು ಮಾಡಿಕೊಂಡು ನೋಡೋ ಆ ಹೆಜ್ಜೆ ಇದೆಯಲ್ಲ, ಅದಿಲ್ಲದೆ ಪ್ರಮೇಯವೇ ಇಲ್ಲ — ಅದು ಯಾರಿಗೆ ಹೊಳೆದದ್ದು, ಅಂದರು. ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ.

ನನಗೆ. ಬದನವಾಳು ರೈಲ್ವೆ ಗೇಟ್ ಹತ್ತಿರ, ಸ್ಕೂಟರ್ ಹಿಂದೆ ಕೂತು ರೈಲಿಗೆ ಕಾಯೋವಾಗ. ಹೇಳಿದ ತಕ್ಷಣ ಜಗನ್ ಸ್ಕೂಟರ್ ಅಲ್ಲೇ ಬಿಟ್ಟು ಕುಣಿದುಬಿಟ್ಟ. ಗೇಟ್ ತೆಗೆದರೂ ಹೊರಡಲಿಲ್ಲ. ಹಿಂದಿದ್ದ ಲಾರಿಯವರೆಲ್ಲ ಹಾರ್ನ್ ಹೊಡೆದು ಬೈದರು.

‘ಇಬ್ಬರದೂ’ ಅಂದೆ ಪ್ರೊಫೆಸರಿಗೆ. ಜಗನ್ ಇದ್ದಿದ್ದರೆ ಕುರ್ಚಿ ಮೇಲೆ ಹತ್ತಿ ಕೂಗಿರೋನು — ಅವಳದು, ಅವಳದು ಅಂತ. ನಾನೇ ಹೇಳಿಕೊಂಡರೆ ಹೇಗೆ ಕೇಳಿಸುತ್ತೆ? ಸತ್ತವನ ಪಾಲನ್ನ ಕಿತ್ತುಕೊಂಡ ಹಾಗೆ.

೨೦ ಜೂನ್, ನರಸೀಪುರ

ಪದಕ ತಗೊಂಡು ಅತ್ತೆ ಹತ್ತಿರ ಹೋದೆ. ಕೈ ತೊಳೆದು, ಸೆರಗಲ್ಲಿ ಒರೆಸಿಕೊಂಡು ಈಸಿಕೊಂಡರು. ಬಾಬಾಸಾಹೇಬರ ಪಟದ ಪಕ್ಕ ಜಗನ್ ಫೋಟೋ. ಅದರ ಮುಂದೆ ಇಟ್ಟರು.

‘ತಕಳಪ್ಪ. ನಿಂದು ನಿಂಗೆ ಬಂತು.’

ಕುಸಿದು ಕೂತು ಅತ್ತರು. ಮಣ್ಣು ಮಾಡಿದ ದಿನ ಕೂಡ ಅತ್ತಿರಲಿಲ್ಲ ಈ ಹೆಂಗಸು. ಆಮೇಲೆ ನನ್ನ ಕೈ ಹಿಡಕೊಂಡರು. ‘ಏನೇನೋ ಅಂದ್ಬುಟ್ಟೆ ಕಣವ್ವ. ನಿನ್ ಮನ್ಸು ದೊಡ್ಡದು. ಅವ್ನುದ್ನ ಅವ್ನಿಗೇ ತಂದ್ಕೊಟ್ಟೆ.’

ಅತ್ತೆ, ಅದರಲ್ಲಿ ನಂದೂ ಇದೆ — ಅನ್ನೋಕೆ ಬಾಯಿ ತೆರೆದೆ. ಅವರ ಮುಖ ನೋಡಿದೆ. ಎಷ್ಟೋ ದಿನದ ಮೇಲೆ ಮಗ ಮನೆಗೆ ಬಂದ ಹಾಗಿತ್ತು. ಅವರ ಕಣ್ಣು ಒರೆಸಿದೆ.

ಎದುರಿಗೆ ಕೂತು ಊಟ ಮಾಡಿದರು. ಪದಕ ಅಲ್ಲೇ ಬಿಟ್ಟು ಸಂಜೆ ಬಸ್ಸಿಗೆ ಬಂದೆ. ಸೀಟ್ ಸಿಕ್ಕಿತ್ತು. ದಾರಿಯುದ್ದಕ್ಕೂ ಅಳು.

೪ ಜುಲೈ, ನಂಜನಗೂಡು

ಕಾಲೇಜಿನ ಶೋಕೇಸಿಗೆ ಪದಕ ಬೇಕಂತೆ. ಊರಲ್ಲಿದೆ ಅಂದೆ.

ಭಾನುವಾರ. ಪಾತ್ರೆ ತೊಳೆದು ಹೊಸ ಲೆಕ್ಕಕ್ಕೆ ಕೂತೆ — ಅವನು ಹೋದ ಮೇಲೆ ಮೊದಲನೇದು. ದಡಕ್ಕೆ ಹತ್ತಿರ ಬಂದ ಸುಳಿ. ಮೂರು ಹಾಳೆ ಹರಿದು ಹಾಕಿದೆ. ನಾಲ್ಕನೇದರಲ್ಲಿ ಏನೋ ಹೊಳೆದಿದೆ. ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ. ಪೂರ್ತಿ ನಂದೇ. ಇದನ್ನೀಗ ಯಾರಿಗೆ ತೋರಿಸಲಿ...