ಕೊನೆಯ ಅಕ್ಷರಕ್ಕೆ ಜಾಗ

ನನ್ನ ಮುದ್ದು ಪುಟ್ಟಿಗೆ, ನಿನ್ನ ಸೋದರಮಾವನ ಅಕ್ಕರೆಯ ನೆನಪುಗಳು.

ಭಾನುವಾರದ ಊಟ ನನಗಿನ್ನೂ ಅರಗಿಲ್ಲ. ನಿನಗೆ ಕೆಲಸ ಸಿಕ್ಕ ಖುಷಿಗೆ ‘ಊಟ ನಂದು’ ಎಂದು ಕರೆದುಕೊಂಡು ಹೋದವನು ನಾನು. ಬಿಲ್ಲು ಬರುವುದು ಕಂಡ ಕೂಡಲೇ ಕೈ ತೊಳೆಯಲು ಎದ್ದು ಹೋದವನೂ ನಾನೇ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತೆ. ತಲೆ ಎತ್ತಿದರೆ, ಬೇಸಿನ್ ಮೇಲಿನ ಕನ್ನಡಿಯಲ್ಲಿ ನೀನು ನನ್ನನ್ನೇ ನೋಡುತ್ತಿದ್ದೆ. ನನ್ನ ಮರ್ಯಾದೆ ಉಳಿಸಲು ನೀನೇ ಮುಖ ತಿರುಗಿಸಿಕೊಂಡು ದುಡ್ಡು ಕೊಟ್ಟೆ.

ಅದಕ್ಕಿಂತ ನಾಚಿಕೆಯ ಸಂಗತಿ ಊಟದ ನಡುವೆ ನಾನಾಡಿದ ಮಾತು. “ನಿವೃತ್ತಿಗೆ ಅಂತ ಸಂಬಳದಲ್ಲಿ ಹಿಡೀಲಾ ಅಂತ ಆಫೀಸಲ್ಲಿ ಕೇಳ್ತಿದಾರೆ ಮಾವ, ಬುಧವಾರ ಹೇಳ್ಬೇಕು” ಅಂದೆ ನೀನು. “ಮುದುಕಿ ಆದ್ಮೇಲೆ ಬರೋ ದುಡ್ಡು ಯಾರಿಗ್ ಬೇಕೇ? ನನ್ನ ನೋಡು, ನಂಗೇನ್ ಕಡಿಮೆಯಾಗಿದೆ?” ಅಂದೆ ನಾನು. ನೀನು ನಕ್ಕು, “ಹಾಗಾದ್ರೆ ಬೇಡ ಅಂತೀನಿ” ಅಂದುಬಿಟ್ಟೆ.

ಬೇಡ ಅನ್ನಬೇಡ, ಪುಟ್ಟಿ. ಮಾವನಿಗೆ ಕೆಲಸವೆಂದರೆ ಪ್ರಾಣ, ಈ ವಯಸ್ಸಲ್ಲೂ ಏಣಿ ಹತ್ತಿ ಬೋರ್ಡು ಬರೀತಾನೆ ಎಂದು ಗೆಳತಿಯರ ಮುಂದೆ ಹೊಗಳುತ್ತೀಯಂತೆ. ಏಣಿ ಹತ್ತದಿದ್ದರೆ ಮನೆ ಬಾಡಿಗೆ ಹುಟ್ಟುವುದಿಲ್ಲ. ಎರಡನೇ ಮೆಟ್ಟಿಲಿಗೇ ಮಂಡಿ ನಡುಗುತ್ತದೆ. ಮೊನ್ನೆ ಔಷಧಿ ಅಂಗಡಿಯವರು ಕೊನೆಯ ಸಾಲು ಸೊಟ್ಟಗಿದೆ ಅಂದರು. “ಅದು ಸ್ಟೈಲು ಸ್ವಾಮಿ” ಅಂದೆ. ಅವರು ನಗಲಿಲ್ಲ, ದುಡ್ಡೂ ಕೊಡಲಿಲ್ಲ. ಆ ದುಡ್ಡು ನೆಚ್ಚಿಕೊಂಡೇ ನಿನ್ನನ್ನು ಊಟಕ್ಕೆ ಕರೆದಿದ್ದೆ.

ಕೈತುಂಬ ದುಡಿಯುತ್ತಿದ್ದ ಕಾಲದಲ್ಲಿ ‘ದೊಡ್ಡಕೈ’ ಅನ್ನಿಸಿಕೊಳ್ಳುವ ಹುಚ್ಚು ನನಗೆ. ಹೋಟೆಲಿನಲ್ಲಿ ಎಷ್ಟೇ ಜನರಿದ್ದರೂ ಮೊದಲು ಜೇಬಿಗೆ ಹೋಗುತ್ತಿದ್ದದ್ದು ನನ್ನ ಕೈ. ನಿನ್ನಮ್ಮ, “ಅಣ್ಣಾ, ಮುಂದಿನ ಡಬ್ಬಿ ಬಣ್ಣಕ್ಕಾದ್ರೂ ಇಟ್ಕೋ” ಅಂದರೆ, “ಹೋಗೇ ಜಿಪುಣಿ” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಅವಳಿಗೂ ಈ ಕಾಗದ ತೋರಿಸು. ಗೆದ್ದೆ ಅಂತ ಒಂದು ಸಲ ನಗಲಿ.

ಚಿಕ್ಕವಳಿದ್ದಾಗ ನೀನು ನನ್ನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಿನ್ನ ಹೆಸರು ಬರೆಯಲು ಹೋಗಿ, ಜಾಗ ಸಾಲದೆ ಅತ್ತಿದ್ದು ನೆನಪಿದೆಯಾ? “ಮೊದಲ್ನೇ ಅಕ್ಷರ ಬರೆಯೋ ಮುಂಚೆ ಕೊನೇದಕ್ಕೆ ಜಾಗ ಗುರುತು ಮಾಡ್ಕೋಬೇಕು ಕಣೇ” ಎಂದು ನಾನು ದೊಡ್ಡ ಮೇಷ್ಟ್ರ ಹಾಗೆ ಹೇಳಿದ್ದೆ. ಹಲಗೆಯ ಮೇಲೆ ಎಂದೂ ತಪ್ಪದ ಆ ಲೆಕ್ಕವನ್ನು ನನ್ನ ಬದುಕಿಗೆ ಹಾಕಲೇ ಇಲ್ಲ.

ಹಿಡಿಯಲಿ ಬಿಡು. ಕಣ್ಣಿಗೆ ಬೀಳದ ದುಡ್ಡನ್ನು ಕೈ ಕೇಳುವುದಿಲ್ಲ. ಸಂಬಳ ಏರಿದಾಗ ಅದನ್ನೂ ಏರಿಸು. ಕಾಯಿಲೆ ಕಸಾಲೆಗೆ ಅಂತ ಬೇರೆ ಸ್ವಲ್ಪ ಇಡು. ಉಳಿದದ್ದರಲ್ಲಿ ಬಟ್ಟೆ ತಗೋ, ಸಿನಿಮಾ ನೋಡು, ನಾನೇನೂ ಅನ್ನುವುದಿಲ್ಲ.

ಮುಂದಿನ ಭಾನುವಾರ ಅದೇ ಹೋಟೆಲಿಗೆ ಹೋಗೋಣ. ದುಡ್ಡು ನೀನೇ ಕೊಡು. ಬಿಲ್ಲು ಬಂದಾಗ ನಾನು ಏಳುವುದಿಲ್ಲ, ನಿನ್ನೆದುರಿಗೇ ಕೂತಿರುತ್ತೇನೆ.

ನನ್ನ ವಯಸ್ಸಿಗೆ ಬಂದಾಗ ನೀನು ಊಟ ಮುಗಿಯಿತೆಂದಷ್ಟೇ ಕೈ ತೊಳೆಯಲು ಏಳುವಂತಾಗಲಿ.

ಇಂತಿ,
ನಿನ್ನ ಬೋರ್ಡು ಮಾವ